‘ಶ್ರೀಮಂತರ ಕಾಯಿಲೆ’ ಎಂಬ ಹಳೇ ಸುಳ್ಳು

ಸಕ್ಕರೆ ಕಾಯಿಲೆ ಬಗ್ಗೆ ಕನ್ನಡದಲ್ಲಿ ಬರುವ ಆರೋಗ್ಯ ಬರಹವನ್ನು ನಮ್ಮ ವಿಮರ್ಶಕರು ಮುಟ್ಟುವುದಿಲ್ಲ. ಅದು ಸಾಹಿತ್ಯವಲ್ಲವಂತೆ. ಆದರೆ ಕವಿತೆ ಓದದ ನಮ್ಮ ಜನರೂ ಅದನ್ನು ಇನ್ನೊಬ್ಬರಿಂದ ಓದಿಸಿಕೊಂಡು ಕೇಳುತ್ತಾರೆ. ಆದ್ದರಿಂದ ನಾವು ಕೇಳಲೇಬೇಕು: ಈ ಬರಹ ಯಾರ ಜೊತೆ ಮಾತಾಡ್ತಿದೆ?

ಬೆಳಿಗ್ಗೆ ನಡೆಯಿರಿ, ಅನ್ನ ಬಿಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಬರಿಗಾಲಲ್ಲಿ ತಿರುಗಬೇಡಿ. ಇಷ್ಟೇ ಅದರ ಸಾರ. ಇದನ್ನು ಶನಿವಾರಸಂತೆ ಸುತ್ತಿನ ಕಾಫಿ ತೋಟದ ಲೈನ್‌ಮನೆ ಮುಂದೆ ನಿಂತು ಓದಿ ನೋಡಿ. ದಿನವಿಡೀ ಇಳಿಜಾರು ಹತ್ತಿಳಿಯುವ ದಲಿತ ಹೆಣ್ಣಾಳಿಗೆ ವಾಕಿಂಗ್ ಪಾಠ! 2013ರಲ್ಲಿ ಬಂದ ಅನ್ನಭಾಗ್ಯ ಹಸಿವು ನೀಗಿತು. ಅದನ್ನು ಹಳಿಯುವವರ ಜೊತೆ ನಾವಿಲ್ಲ. ಆದರೆ ಚೀಲದಲ್ಲಿ ಅಕ್ಕಿಯೇ ಇರುವಾಗ ‘ಅನ್ನ ಬಿಡಿ’ ಅಂದರೆ ಏನು ತಿನ್ನಬೇಕು ಅಂತಲೂ ಹೇಳಬೇಕಲ್ಲವೇ?

ಕೆಲವು ಮಾತ್ರೆ ನುಂಗಿ ಊಟ ತಡವಾದರೆ ಸಕ್ಕರೆ ಇಳಿಯುತ್ತದೆ. ಮೈ ಬೆವರುತ್ತೆ, ಕಾಲು ತಡವರಿಸುತ್ತೆ, ಮಾತು ತೊದಲುತ್ತೆ. ನೋಡಿದವರು ಕುಡಿದಿದ್ದಾನೆ ಅಂತಾರೆ. ಮಳೆಗಾಲದಲ್ಲಿ ಜೋಮು ಹಿಡಿದ ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗದು. ಗಾಯ ಕೊಳೆತಾಗಲೇ ಅರಿವು. ರಕ್ತಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಒಮ್ಮೆ, ಉಂಡು ಎರಡು ಗಂಟೆಗೆ ಇನ್ನೊಮ್ಮೆ ರಕ್ತ ಕೊಡಬೇಕು. ಪರೀಕ್ಷೆ ಪುಕ್ಕಟೆ ಇರಬಹುದು, ಹೋದ ದಿನಗೂಲಿ ಪುಕ್ಕಟೆಯಲ್ಲ. ಇವು ಆ ಬರಹಗಳಲ್ಲಿ ಬರುವುದೇ ಅಪರೂಪ.

ಇದೆಲ್ಲ ಶ್ರೀಮಂತರ ಕಾಯಿಲೆ ಎಂಬ ಮಾತಿನ ಫಲ. 2017ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ತಮಿಳುನಾಡು, ಮಹಾರಾಷ್ಟ್ರ, ಚಂಡೀಗಢದ ಪಟ್ಟಣಗಳಲ್ಲಿ ಉಳ್ಳವರಿಗಿಂತ ಇಲ್ಲದವರಲ್ಲೇ ಈ ಕಾಯಿಲೆ ಹೆಚ್ಚು ಎಂದು ಕಂಡಿತು. 2023ರ ಹೊತ್ತಿಗೆ ಅದೇ ಅಧ್ಯಯನದ ಅಂದಾಜಿನಲ್ಲಿ ದೇಶದ ರೋಗಿಗಳು 10 ಕೋಟಿ ದಾಟಿದ್ದರು. ಇವರೆಲ್ಲ ಬಂಗಲೆಯವರೇ?

ನಮ್ಮ ಆಕ್ಷೇಪ ವೈದ್ಯದ ಮೇಲಲ್ಲ. ಮಾತ್ರೆ ಬಿಟ್ಟು ಬೇರು ಅರೆಯಿರಿ ಅಂತ ನಾವು ಹೇಳುವುದಿಲ್ಲ. ಹಾಗೆ ಬಿಟ್ಟವರ ಕಣ್ಣು, ಕಿಡ್ನಿ ಹೋಗುತ್ತವೆ. ನಮ್ಮ ಜಗಳ ಭಾಷೆಯದು. ಕಾಯಿಲೆಯನ್ನು ಶಿಸ್ತಿನ ಪ್ರಶ್ನೆ ಮಾಡಿ, ಕೂಲಿಯನ್ನು, ಚಪ್ಪಲಿಯನ್ನು, ಊಟದ ಬಿಡುವನ್ನು ಅಳಿಸಿಹಾಕುವ ಭಾಷೆ ರೋಗಿಯನ್ನೇ ಅಪರಾಧಿ ಮಾಡುತ್ತದೆ.

ಮೇಷ್ಟ್ರುಗಳೇ, ಗೆಳೆಯರೇ, ಸಂತೆಯ ದಿನ ಜನ ಸೇರುತ್ತಾರೆ. ಅಲ್ಲೇ ರಕ್ತಪರೀಕ್ಷೆ ನಡೆಯಲಿ ಅಂತ ಕೇಳೋಣ. ತೋಟದಲ್ಲಿ ಹೊತ್ತಿಗೆ ಊಟದ ಬಿಡುವು, ಕಾಲಿಗೆ ಬೂಟು, ರೇಷನ್ನಿನಲ್ಲಿ ಅಕ್ಕಿ ಜೊತೆ ರಾಗಿ, ಬೇಳೆ ಕೇಳೋಣ. ಅದನ್ನು ನಮ್ಮವರ ಮಾತಲ್ಲಿ ನಾವೇ ಬರೆಯೋಣ.