ರಾಕ್ ಸಂಗೀತದಲ್ಲಿ ರೀತಿ ಮತ್ತು ಔಚಿತ್ಯ

ಒಂದು ಕಾಲದ ಕಲೆಯನ್ನು ಒಂದೇ ಮಾತಿನಲ್ಲಿ ತೂಗಿಬಿಡುವುದು ಲೋಕರೂಢಿ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕ ದೇಶಗಳಲ್ಲಿ ಜನಪ್ರಿಯವಾದ ರಾಕ್ ಸಂಗೀತಕ್ಕೂ ಅಂತಹ ಒಂದು ತೀರ್ಪು ದೊರೆತಿದೆ. ಅದು ಆಡಂಬರದ ಸಂಗೀತ. ಯಂತ್ರಗಳ ಅಬ್ಬರದಲ್ಲಿ ಹೃದಯವನ್ನು ಕಳೆದುಕೊಂಡ ಸಂಗೀತ. ವೇಷಕ್ಕೆ ಕೊಟ್ಟ ಗಮನವನ್ನು ಭಾವಕ್ಕೆ ಕೊಡದ ಸಂಗೀತ ಎಂಬುದೇ ಆ ತೀರ್ಪು. ಇದನ್ನು ಒಪ್ಪದವರು ಅದೇ ಕಾಲದ ಕೆಲವು ಸರಳ ಗೀತಗಳನ್ನು ಮುಂದಿಟ್ಟು, ನಿಜವಾದ ಕಲೆ ಇವುಗಳಲ್ಲಿ ಉಳಿದಿತ್ತೆಂದು ವಾದಿಸುವರು. ಮೇಲ್ನೋಟಕ್ಕೆ ಈ ಎರಡು ಪಕ್ಷಗಳು ಪರಸ್ಪರ ವಿರುದ್ಧವಾದವು. ಆದರೆ ಒಂದು ನಂಬಿಕೆಯಲ್ಲಿ ಮಾತ್ರ ಎರಡಕ್ಕೂ ಭೇದವಿಲ್ಲ. ಸರಳವಾದುದು ಸತ್ಯ, ಅಲಂಕೃತವಾದುದು ಮಿಥ್ಯೆ ಎಂಬುದೇ ಆ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದು ವಿಚಾರಾರ್ಹವಾಗಿದೆ.

ಕಾವ್ಯಮೀಮಾಂಸೆಯಲ್ಲಿ ಈ ಚರ್ಚೆ ಹೊಸತಲ್ಲ. ವಾಮನನು ರೀತಿಯೇ ಕಾವ್ಯದ ಆತ್ಮವೆಂದು ಸಾರಿ ವೈದರ್ಭೀ, ಗೌಡೀ, ಪಾಂಚಾಲೀ ಎಂದು ಮೂರು ಬಗೆಗಳನ್ನು ಹೇಳಿದನು. ಕವಿರಾಜಮಾರ್ಗವು ದಕ್ಷಿಣ, ಉತ್ತರ ಎಂಬ ಎರಡು ಮಾರ್ಗಗಳನ್ನು ವಿಂಗಡಿಸಿ ತೋರಿಸಿತು. ಆದರೆ ರೀತಿಗಳನ್ನು ಎಣಿಸಿದ ಮಾತ್ರಕ್ಕೆ ಕೃತಿಗೆ ಬೆಲೆ ಕಟ್ಟಿದಂತಾಗಲಿಲ್ಲ. ಆ ಕೆಲಸಕ್ಕೆ ಕ್ಷೇಮೇಂದ್ರನು ಹಿಡಿದ ಔಚಿತ್ಯವೆಂಬ ಅಳತೆಗೋಲು ಬೇಕಾಯಿತು. ಮದುವೆಯ ಮನೆಯಲ್ಲಿ ಮಂಗಳಕರವೆನಿಸುವ ವಾಲಗ ರೋಗಿಯ ಕೋಣೆಯಲ್ಲಿ ಹಿಂಸೆಯಾಗುವುದು. ದೋಷವು ವಾಲಗದ್ದಲ್ಲ, ಎಡೆಯದು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಎಂಬತ್ತರ ದಶಕದ ಮೂರು ನಾಲ್ಕು ಗೀತಸಂಪುಟಗಳನ್ನು ನೋಡಿದರೆ, ಲೋಕದ ತೀರ್ಪು ಎಲ್ಲಿ ಸಡಿಲವಾಗಿದೆಯೆಂಬುದು ತಾನಾಗಿಯೇ ಗೋಚರಿಸುವುದು.

ಮೊದಲು ಆ ಕಾಲದ ಉಪಕರಣಗಳ ವಿಷಯ. 1980ರಲ್ಲಿ ಹೊರಬಂದ, ಪೀಟರ್ ಗೇಬ್ರಿಯಲ್ ಎಂಬ ಗಾಯಕನ ಮೂರನೆಯ ಸಂಪುಟಕ್ಕಾಗಿ ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಫಿಲ್ ಕಾಲಿನ್ಸ್ ಬಾರಿಸಿದ ಡ್ರಮ್ಮಿನ ದನಿಗೆ ಹ್ಯೂ ಪ್ಯಾಡ್ಗಮ್ ಎಂಬ ಧ್ವನಿತಜ್ಞನು ಒಂದು ಹೊಸ ರೂಪ ಕೊಟ್ಟನು. ಪ್ರತಿಯೊಂದು ಪೆಟ್ಟೂ ದೊಡ್ಡ ಮಂಟಪದಲ್ಲಿ ಮೊಳಗಿದಂತೆ ಎದ್ದು, ಪ್ರತಿಧ್ವನಿ ಆರುವ ಮೊದಲೇ ಕತ್ತರಿಸಿದಂತೆ ನಿಂತುಹೋಗುವುದು. ಈ ಮೊಳಗು ದಶಕದ ಮುದ್ರೆಯೇ ಆಯಿತು. 1981ರ ಆಗಸ್ಟ್ 1ರಂದು ಎಂಟಿವಿ ಎಂಬ ದೂರದರ್ಶನ ವಾಹಿನಿ ಅಮೆರಿಕದಲ್ಲಿ ಆರಂಭವಾಗಿ, ಹಾಡು ಕಿವಿಗೆ ಎಷ್ಟೋ ಕಣ್ಣಿಗೂ ಅಷ್ಟೇ ಎನ್ನುವಂತೆ ಮಾಡಿತು. 1983ರಲ್ಲಿ ಯಮಹಾ ಸಂಸ್ಥೆಯ ಡಿಎಕ್ಸ್ 7 ಎಂಬ ಸಿಂಥೆಸೈಸರ್ ಪೇಟೆಗೆ ಬಂದಿತು. ಆಡಂಬರಕ್ಕೆ ಇವೆಲ್ಲ ಒದಗಿಬಂದವು, ನಿಜ. ಆದರೆ 1979ರಲ್ಲಿಯೇ ಟೀಯಾಕ್ ಸಂಸ್ಥೆ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಧ್ವನಿಪಥಗಳನ್ನು ಮುದ್ರಿಸಬಲ್ಲ ಪೋರ್ಟಾಸ್ಟುಡಿಯೋ ಎಂಬ ಪುಟ್ಟ ಯಂತ್ರವನ್ನು ಹೊರತಂದಿದ್ದಿತು. ಗಾಯಕನು ತನ್ನ ಮಲಗುವ ಕೋಣೆಯಲ್ಲಿ ಒಬ್ಬನೇ ಕುಳಿತು ಹಾಡನ್ನು ಮುದ್ರಿಸಿಕೊಳ್ಳುವುದು ಅದರಿಂದ ಸುಲಭವಾಯಿತು. ಆದುದರಿಂದ ಆಡಂಬರವನ್ನು ಯಂತ್ರದ ಮಗುವೆಂದೂ ಸರಳತೆಯನ್ನು ಪ್ರಕೃತಿಯ ಮಗುವೆಂದೂ ಹೇಳುವಂತಿಲ್ಲ. ಎರಡೂ ಒಂದೇ ಮನೆಯಲ್ಲಿ ಹುಟ್ಟಿದವು.

ಆಡಂಬರದ ಮಾರ್ಗಕ್ಕೆ ಡೆಫ್ ಲೆಪರ್ಡ್ ತಂಡದ ‘ಹಿಸ್ಟೀರಿಯಾ’ (1987) ಉತ್ತಮ ನಿದರ್ಶನ. ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಶೆಫೀಲ್ಡ್ ಈ ತಂಡದ ಊರು. ಅವರ ಮಾರ್ಗದರ್ಶಕನಾದ ರಾಬರ್ಟ್ ಜಾನ್ ಲ್ಯಾಂಜ್ ಸ್ಟುಡಿಯೋವನ್ನೇ ಒಂದು ವಾದ್ಯದಂತೆ ನುಡಿಸಬಲ್ಲವನು. ಒಂದೇ ಪಲ್ಲವಿಗೆ ಕಂಠದ ಮೇಲೆ ಕಂಠವನ್ನು ಪದರ ಪದರವಾಗಿ ಹೊದಿಸಿ, ಗಿಟಾರುಗಳನ್ನು ತುಣುಕು ತುಣುಕಾಗಿ ಮುದ್ರಿಸಿ ಜೋಡಿಸಿ, ಹನ್ನೆರಡು ಹಾಡುಗಳ ಈ ಸಂಪುಟವನ್ನು ಮೂರು ವರ್ಷಗಳಿಗೂ ಮಿಕ್ಕಿ ತಿದ್ದಿ ತೀಡಲಾಯಿತು. ಇಲ್ಲಿ ಕೇಳುವ ಯಾವ ದನಿಯೂ ಒಂದು ಕೋಣೆಯಲ್ಲಿ ಐದು ಮಂದಿ ಕೂಡಿ ನುಡಿಸಿದರೆ ಹುಟ್ಟುವಂಥದಲ್ಲ. ಎಲ್ಲವೂ ಕಟ್ಟಿದ್ದು, ಎಲ್ಲವೂ ಮೆರುಗು ಕೊಟ್ಟದ್ದು.

ಇದರಲ್ಲಿ ಹೃದಯವಿಲ್ಲವೆನ್ನುವವರು ಒಂದು ಸಂಗತಿಯನ್ನು ಲಕ್ಷಿಸಬೇಕು. 1984ರ ಡಿಸೆಂಬರ್ 31ರಂದು ತಂಡದ ಡ್ರಮ್ ವಾದಕ ರಿಕ್ ಅಲೆನ್ ಕಾರಿನ ಅಪಘಾತದಲ್ಲಿ ತನ್ನ ಎಡಗೈಯನ್ನು ಕಳೆದುಕೊಂಡನು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಎಡಗೈ ಮಾಡುತ್ತಿದ್ದ ಕೆಲಸವನ್ನು ಎಡಗಾಲು ಮಾಡುವಂತೆ ವಿದ್ಯುತ್ ಡ್ರಮ್ಮುಗಳನ್ನು ಅಣಿಗೊಳಿಸಿ, ಅವನು ತನ್ನ ವಿದ್ಯೆಯನ್ನು ಮೊದಲಿನಿಂದ ಕಲಿತನು. 1986ರ ಆಗಸ್ಟಿನಲ್ಲಿ ಡಾನಿಂಗ್ಟನ್ನಿನ ದೊಡ್ಡ ಸಂಗೀತೋತ್ಸವದಲ್ಲಿ ಮತ್ತೆ ವೇದಿಕೆಯೇರಿದನು. ಯಂತ್ರವು ಮನುಷ್ಯನ ಕೈಯನ್ನು ಕಲೆಯಿಂದ ದೂರಮಾಡಿತೆಂಬ ಆಕ್ಷೇಪಣೆ ಈ ಸಂಪುಟದ ಮುಂದೆ ನಾಚಬೇಕಾಗುವುದು. ಇಲ್ಲಿ ಯಂತ್ರವೇ ಕೈಯಿಲ್ಲದವನಿಗೆ ಕೈಯಾಯಿತು.

ಆದರೂ ಜೀವನದ ಸಂಗತಿ ಕೃತಿಯ ಗುಣಕ್ಕೆ ಸಾಕ್ಷಿಯಾಗಲಾರದು. ‘ಹಿಸ್ಟೀರಿಯಾ’ದ ವಸ್ತು ಯೌವನದ ಉಲ್ಲಾಸ, ಬಯಕೆ, ಬೆಡಗು. ಹಬ್ಬದ ತೇರಿಗೆ ಪತಾಕೆ ಹೆಚ್ಚಾಯಿತೆಂದು ಯಾರೂ ದೂರುವುದಿಲ್ಲ. ಇಲ್ಲಿಯ ಅಲಂಕಾರವೂ ವಸ್ತುವಿಗೆ ಒಪ್ಪಿದ್ದೇ ಆಗಿದೆ. ಕೊರತೆಯೆಂದರೆ, ಒಂದು ಗಂಟೆಗೂ ಮೀರಿದ ಈ ಸಂಪುಟದಲ್ಲಿ ಹೊಳಪು ಎಲ್ಲಿಯೂ ಮಾಸುವುದಿಲ್ಲ. ನೆರಳೇ ಇಲ್ಲದ ಬೆಳಕಿನಿಂದ ಕಣ್ಣು ದಣಿಯುವಂತೆ ಕಿವಿಯೂ ದಣಿಯುವುದು. ಕೆಲವೆಡೆ ಮಾತು ತೀರ ತೆಳುವಾದುದರಿಂದ, ಅಷ್ಟು ದೊಡ್ಡ ಗೋಪುರದ ಒಳಗೆ ದೇವರು ಬಹಳ ಚಿಕ್ಕವನೆನಿಸುವನು. ಇದು ಅಲಂಕಾರದ ದೋಷವಲ್ಲ, ವಸ್ತುವಿನ ಬಡತನ.

ಇದಕ್ಕೆ ಎದುರಾಗಿ ನಿಲ್ಲತಕ್ಕದ್ದು ಆರ್‌ಇಎಂ ತಂಡದ ‘ಮರ್ಮರ್’ (1983). ಅಮೆರಿಕದ ಜಾರ್ಜಿಯಾ ಸಂಸ್ಥಾನದ ಅಥೆನ್ಸ್ ಎಂಬ ವಿದ್ಯಾಪೀಠದ ಊರಿನ ನಾಲ್ವರು ತರುಣರು ಮಿಚ್ ಈಸ್ಟರ್, ಡಾನ್ ಡಿಕ್ಸನ್ ಎಂಬಿಬ್ಬರ ನೆರವಿನಿಂದ ಇದನ್ನು ಸಿದ್ಧಪಡಿಸಿದರು. ಆಗ ಎಲ್ಲೆಲ್ಲಿಯೂ ಮೆರೆಯುತ್ತಿದ್ದ ಸಿಂಥೆಸೈಸರಿನ ಮೆರುಗನ್ನೂ ಗಿಟಾರಿನ ಏಕಾಂಗ ಪ್ರದರ್ಶನವನ್ನೂ ಅವರು ಬೇಕೆಂದೇ ದೂರವಿಟ್ಟರು. ಪೀಟರ್ ಬಕ್ ಗಿಟಾರಿನ ತಂತಿಗಳನ್ನು ಒಟ್ಟಿಗೆ ಮೀಟದೆ ಒಂದೊಂದಾಗಿ ಬಿಡಿಸಿ ನುಡಿಸುವನು. ಮೈಕ್ ಮಿಲ್ಸ್‌ನ ಬಾಸ್ ಗಿಟಾರ್ ಕೆಳಗಿನಿಂದ ಮತ್ತೊಂದು ರಾಗವನ್ನೇ ಹಾಡುವುದು. ಆ ವರ್ಷ ಮೈಕೇಲ್ ಜಾಕ್ಸನ್ನನ ‘ಥ್ರಿಲ್ಲರ್’ ಲೋಕವನ್ನೇ ಗೆದ್ದಿದ್ದಿತು. ಆದರೂ ರೋಲಿಂಗ್ ಸ್ಟೋನ್ ಪತ್ರಿಕೆಯವರು ವರ್ಷದ ಶ್ರೇಷ್ಠ ಸಂಪುಟವೆಂದು ಆರಿಸಿದ್ದು ‘ಮರ್ಮರ’ನ್ನು.

ಸರಳತೆಯ ಪಕ್ಷದವರು ಇಲ್ಲಿ ಜಯಘೋಷ ಮಾಡಬಹುದು. ಆದರೆ ಹಾಡನ್ನು ಕಿವಿಗೊಟ್ಟು ಕೇಳಿದರೆ ಒಂದು ವಿಚಿತ್ರ ಎದುರಾಗುವುದು. ಮೈಕೇಲ್ ಸ್ಟೈಪ್ ಹಾಡುವ ಮಾತುಗಳು ತಿಳಿಯುವುದಿಲ್ಲ. ಸಂಪುಟದ ಹೆಸರೇ ಹೇಳುವಂತೆ ಅದು ಗುಣುಗುಣು. ಪದಗಳು ಅರ್ಧ ನುಂಗಿದಂತೆ ಬಂದು ವಾದ್ಯಗಳ ನಡುವೆ ಕರಗಿಹೋಗುವುವು. ಮುಖಪುಟದ ಚಿತ್ರದಲ್ಲಿ ಅಮೆರಿಕದ ದಕ್ಷಿಣ ಸೀಮೆಯಲ್ಲಿ ಹಬ್ಬಿರುವ ಕುಡ್ಜು ಎಂಬ ಬಳ್ಳಿ ನೆಲವನ್ನೆಲ್ಲ ಮುಚ್ಚಿಬಿಟ್ಟಿದೆ. ಹಾಡಿನ ಅರ್ಥದ ಗತಿಯೂ ಅದೇ. ಸಾಧನವು ಸರಳ, ಅರ್ಥವು ನಿಗೂಢ. ‘ಹಿಸ್ಟೀರಿಯಾ’ದಲ್ಲಿಯಾದರೋ ಸಾಧನವು ಜಟಿಲ, ಅರ್ಥವು ಅಂಗೈಯ ನೆಲ್ಲಿ. ಆದಕಾರಣ ದನಿಯ ಸರಳತೆ ಒಂದು, ಭಾವದ ಪ್ರಸನ್ನತೆ ಮತ್ತೊಂದು. ಇವೆರಡನ್ನೂ ಒಂದೇ ಎಂದು ಭಾವಿಸಿದುದರಿಂದಲೇ ಲೋಕದ ತೀರ್ಪು ದಾರಿ ತಪ್ಪಿತು. ‘ಮರ್ಮರ್’ ಮನಸ್ಸನ್ನು ಹಿಡಿಯುವುದು ಅದು ಸರಳವಾದುದರಿಂದಲ್ಲ. ಹೇಳಲು ಬಾರದ ತಳಮಳಕ್ಕೆ ಹೇಳಲು ಬಾರದ ನುಡಿಯೇ ಉಚಿತವಾದುದರಿಂದ.

ಹೀಗಿದ್ದರೂ ಬೇರೆ ಬೇರೆಯವರ ಕೃತಿಗಳನ್ನು ಎದುರುಬದುರು ಇಟ್ಟಾಗ, ವ್ಯತ್ಯಾಸವು ರೀತಿಯದೋ ವ್ಯಕ್ತಿಯದೋ ಎಂಬ ಸಂದೇಹ ಉಳಿಯುವುದು. ಒಬ್ಬನೇ ಗಾಯಕನು ಒಂದೇ ಹಾಡನ್ನು ಎರಡು ರೀತಿಗಳಲ್ಲಿ ಹಾಡಿದ್ದರೆ ಪರೀಕ್ಷೆ ನಿಷ್ಕೃಷ್ಟವಾದೀತು. ಅಂತಹ ನಿದರ್ಶನವನ್ನು ನ್ಯೂಜೆರ್ಸಿಯ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಒದಗಿಸಿದ್ದಾನೆ.

1982ರ ಜನವರಿಯಲ್ಲಿ ಅವನು ಕೋಲ್ಟ್ಸ್ ನೆಕ್ ಎಂಬ ಊರಿನ ಬಾಡಿಗೆಯ ಮನೆಯಲ್ಲಿ ಕುಳಿತು, ಮೇಲೆ ಹೇಳಿದ ಪುಟ್ಟ ಯಂತ್ರದ ಮೇಲೆ ಹಲವು ಹಾಡುಗಳನ್ನು ಒಬ್ಬನೇ ಮುದ್ರಿಸಿಕೊಂಡನು. ತಂಡದವರಿಗೆ ಕೇಳಿಸಲು ಮಾಡಿದ ಕರಡು ಅದು. ಅನಂತರ ತಂಡದೊಡನೆ ಸ್ಟುಡಿಯೋದಲ್ಲಿ ನುಡಿಸಿ ನೋಡಿದಾಗ ಆ ಹಾಡುಗಳಲ್ಲಿ ಬಹುಭಾಗದ ಜೀವ ಹಾರಿಹೋಗಿತ್ತು. ಕೊನೆಗೆ ಕ್ಯಾಸೆಟ್ಟಿನ ಕರಡೇ ‘ನೆಬ್ರಾಸ್ಕಾ’ ಎಂಬ ಸಂಪುಟವಾಗಿ ಆ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದಿತು. ಅಮೆರಿಕದಲ್ಲಿ ನಿರುದ್ಯೋಗವು ಶೇಕಡಾ 10.8ರವರೆಗೆ ಏರಿದ ವರ್ಷ ಅದು. ಕಾರಿನ ಕಾರ್ಖಾನೆ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡು, ಕುಡಿದು ಕೊಲೆಮಾಡಿ, ತನಗೆ ಮರಣದಂಡನೆಯನ್ನೇ ಕೊಡಿರೆಂದು ನ್ಯಾಯಾಧೀಶನನ್ನು ಬೇಡುವವನೊಬ್ಬ. ತಪ್ಪು ಮಾಡಿದ ತಮ್ಮನನ್ನು ಹಿಡಿಯಲಾರದೆ ಗಡಿ ದಾಟಲು ಬಿಡುವ ಪೋಲೀಸಿನವನೊಬ್ಬ. ಇಂಥವರ ಕಥೆಗೆ ಒಂದು ಗಿಟಾರ್, ಒಂದು ಮೌತ್ ಆರ್ಗನ್, ಬರಿಯ ಗೋಡೆಗಳ ಮರುದನಿ ಇಷ್ಟೇ ಸಾಕು. ಇದಕ್ಕಿಂತ ಹೆಚ್ಚಾದುದೆಲ್ಲ ಅನುಚಿತ.

ಆದರೆ ಅದೇ ಜನವರಿಯ ಕ್ಯಾಸೆಟ್ಟಿನಲ್ಲಿ ಇನ್ನೊಂದು ಹಾಡಿದ್ದಿತು. ಅದನ್ನು ‘ನೆಬ್ರಾಸ್ಕಾ’ದಲ್ಲಿ ಸೇರಿಸಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಿ, ಸೋದರನನ್ನು ಅಲ್ಲಿ ಕಳೆದುಕೊಂಡು, ಮರಳಿ ಬಂದಾಗ ತನ್ನ ಊರಿನಲ್ಲಿ ಕೆಲಸವೂ ಸಿಕ್ಕದೆ ನಿಂತ ಯೋಧನ ಅಳಲು ಅದು. ಅದೇ ವರ್ಷದ ವಸಂತದಲ್ಲಿ ತಂಡದೊಡನೆ ಅದನ್ನು ಹಾಡಿದಾಗ ಬೇರೊಂದು ವಸ್ತುವೇ ಹುಟ್ಟಿತು. ರಾಯ್ ಬಿಟ್ಟನ್‌ನ ಸಿಂಥೆಸೈಸರ್ ಒಂದೇ ಸ್ವರಪಂಕ್ತಿಯನ್ನು ಕಹಳೆಯಂತೆ ಮೊದಲಿನಿಂದ ಕೊನೆಯವರೆಗೆ ಊದುವುದು. ಮ್ಯಾಕ್ಸ್ ವೈನ್‌ಬರ್ಗ್‌ನ ಡ್ರಮ್ ಫಿರಂಗಿಯಂತೆ ಸಿಡಿಯುವುದು. ತಾನು ಈ ನಾಡಿನಲ್ಲೇ ಹುಟ್ಟಿದವನೆಂಬ ಪಲ್ಲವಿಯನ್ನು ಗಾಯಕನು ಗಂಟಲು ಹರಿಯುವಂತೆ ಕೂಗುವನು. 1984ರ ಜೂನಿನಲ್ಲಿ ‘ಬಾರ್ನ್ ಇನ್ ದಿ ಯುಎಸ್‌ಎ’ ಎಂಬ ಸಂಪುಟದ ಮೊದಲ ಹಾಡಾಗಿ ಇದು ಲೋಕಕ್ಕೆ ಕೇಳಿಸಿತು. ಆ ಸಂಪುಟದ ಏಳು ಹಾಡುಗಳು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದವು.

ಪರಿಣಾಮವೇನಾಯಿತು? ಲಕ್ಷಾಂತರ ಜನರು ಪಲ್ಲವಿಯನ್ನು ಕೇಳಿದರು, ಚರಣಗಳನ್ನು ಕೇಳಲಿಲ್ಲ. ಅಳಲಿನ ಹಾಡು ಹೆಮ್ಮೆಯ ಹಾಡಾಯಿತು. ಅದೇ ವರ್ಷದ ಸೆಪ್ಟೆಂಬರ್ 19ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ನ್ಯೂಜೆರ್ಸಿಯ ಹ್ಯಾಮಂಟನ್ನಿನಲ್ಲಿ ಚುನಾವಣೆಯ ಭಾಷಣ ಮಾಡುತ್ತ, ಸ್ಪ್ರಿಂಗ್‌ಸ್ಟೀನನ ಹಾಡುಗಳಲ್ಲಿ ನಾಡಿನ ಭವಿಷ್ಯದ ಆಶಾಸಂದೇಶವಿದೆಯೆಂಬರ್ಥದ ಮಾತನಾಡಿದನು. ಎರಡು ದಿನಗಳಾದ ಮೇಲೆ ಪಿಟ್ಸ್‌ಬರ್ಗಿನ ವೇದಿಕೆಯಲ್ಲಿ ಸ್ಪ್ರಿಂಗ್‌ಸ್ಟೀನನು, ಅಧ್ಯಕ್ಷರು ಮೆಚ್ಚಿದ ಸಂಪುಟ ಯಾವುದೋ, ‘ನೆಬ್ರಾಸ್ಕಾ’ ಅಂತೂ ಇರಲಾರದು ಎಂಬ ಭಾವ ಬರುವಂತೆ ನುಡಿದು, ಕೆಲಸ ಕಳೆದುಕೊಂಡ ಆ ಕೊಲೆಗಾರನ ಹಾಡನ್ನೇ ಹಾಡಿದನು.

ಔಚಿತ್ಯದ ನಿಜವಾದ ಪರೀಕ್ಷೆ ಇದು. ತಪ್ಪು ಕೇಳಿದವರದೆ, ಹಾಡಿದವನದೆ, ರೀತಿಯದೆ? ಕ್ಯಾಸೆಟ್ಟಿನ ಮೂಲರೂಪ 1998ರಲ್ಲಿ ‘ಟ್ರ್ಯಾಕ್ಸ್’ ಎಂಬ ಸಂಗ್ರಹದಲ್ಲಿ ಪ್ರಕಟವಾದ ಮೇಲೆ ಈ ಪ್ರಶ್ನೆಯನ್ನು ಊಹೆಯಿಂದಲ್ಲದೆ ಪ್ರಮಾಣದಿಂದ ಬಿಡಿಸಬಹುದಾಗಿದೆ. ಮೂಲರೂಪವನ್ನು ಕೇಳಿದವನಿಗೆ ಅಪಾರ್ಥವಾಗುವುದು ಅಸಂಭವ. ಪಲ್ಲವಿ ಅಲ್ಲಿ ನಿಟ್ಟುಸಿರಿನಂತೆ ಬರುವುದು. ಸರಳ ರೀತಿಯೇ ಇದಕ್ಕೆ ಉಚಿತವಾಗಿತ್ತೆಂದು ಹೇಳಿ ಮುಗಿಸುವುದು ಸುಲಭ.

ಹಾಗೆ ಹೇಳಿದರೆ ಒಂದು ದೊಡ್ಡ ಭಾಗ ಕೈಬಿಟ್ಟುಹೋಗುವುದು. ಮೂಲರೂಪದ ಯೋಧನಲ್ಲಿರುವುದು ಸೋಲು ಮಾತ್ರ. ಅಬ್ಬರದ ರೂಪದ ಯೋಧನು ಸೋತಿದ್ದರೂ ಬಾಗಿಲ್ಲ. ಕೆಲಸ ಹೋಯಿತು, ಸೋದರನು ಹೋದನು. ಈ ಮಣ್ಣಿನಲ್ಲಿ ಹುಟ್ಟಿದೆನೆಂಬ ಹಕ್ಕೊಂದು ಉಳಿದಿದೆ. ಅದನ್ನೇ ಮುಷ್ಟಿ ಬಿಗಿದು ಸಾರುತ್ತಾನೆ. ಚರಣದಲ್ಲಿ ಶೋಕ, ಪಲ್ಲವಿಯಲ್ಲಿ ವೀರ. ಇವೆರಡರ ತಿಕ್ಕಾಟವೇ ಹಾಡಿನ ರಸ. ಈ ತಿಕ್ಕಾಟ ಒಂದೇ ಗಿಟಾರಿನಿಂದ ಹುಟ್ಟಲಾರದು, ಅದಕ್ಕೆ ಕಹಳೆಯೂ ಫಿರಂಗಿಯೂ ಬೇಕು. ಹಾಡು ಬೆಳೆದದ್ದು ಆಡಂಬರದಿಂದಲೇ.

ಆದರೆ ಬೆಲೆಯಿಲ್ಲದೆ ಬೆಳೆಯಲಿಲ್ಲ. ಪಲ್ಲವಿಗೆ ಅಷ್ಟು ದೊಡ್ಡ ದನಿ ಕೊಟ್ಟು, ಸಂಪುಟದ ಮುಖಪುಟಕ್ಕೆ ರಾಷ್ಟ್ರಧ್ವಜದ ಪಟ್ಟೆಗಳನ್ನು ಹಿನ್ನೆಲೆಯಾಗಿ ಇಟ್ಟವನು, ಜನರು ಧ್ವಜವನ್ನಷ್ಟೇ ಕಂಡರೆಂದು ಪೂರ್ತಿಯಾಗಿ ದೂರುವಂತಿಲ್ಲ. ಕಲಾವಿದನಿಗೂ ಇದು ತಿಳಿದಿದ್ದಿತೆಂದು ತೋರುವುದು. 1995ರಿಂದ 1997ರವರೆಗೆ ತಂಡವಿಲ್ಲದೆ ಒಬ್ಬನೇ ಕೈಗೊಂಡ ಸಂಚಾರದಲ್ಲಿ ಅವನು ಈ ಹಾಡನ್ನು ಗಿಟಾರೊಂದರಿಂದಲೇ ಹಾಡಿದನು. ಕಳೆದುಹೋದ ಚರಣಗಳನ್ನು ಕೇಳುಗರಿಗೆ ಮರಳಿ ಒಪ್ಪಿಸುವ ಪ್ರಯತ್ನವೆಂದು ಅದನ್ನು ಗ್ರಹಿಸಿದರೆ ತಪ್ಪಾಗದು.

ಆದುದರಿಂದ ಎಂಬತ್ತರ ದಶಕವನ್ನು ಆಡಂಬರದ ದಶಕವೆಂದು ತಳ್ಳಿಹಾಕುವುದೂ, ಅದರ ಸರಳ ಗೀತಗಳನ್ನು ಮಾತ್ರ ಆಯ್ದು ಪೂಜಿಸುವುದೂ ಸಮನಾದ ದುಡುಕು. ‘ಹಿಸ್ಟೀರಿಯಾ’ದ ಕೊರತೆ ಅದರ ಮೆರುಗಿನಲ್ಲಿಲ್ಲ, ‘ಮರ್ಮರ್’ನ ಸೊಗಸು ಅದರ ಬಡ ಉಡುಪಿನಲ್ಲಿಲ್ಲ. ಸ್ಪ್ರಿಂಗ್‌ಸ್ಟೀನನ ಯೋಧನಿಗಾದರೋ ಎರಡು ಉಡುಪುಗಳೂ ಬೇಕಾದವು. ಒಂದರಲ್ಲಿ ಅವನ ದುಃಖ ತಿಳಿಯುವುದು, ಇನ್ನೊಂದರಲ್ಲಿ ಅವನ ಛಲ ತಿಳಿಯುವುದು. ಒಂದನ್ನು ಮಾತ್ರ ಕೇಳಿದವನು ಅವನನ್ನು ಅರ್ಧ ಬಲ್ಲನು. ದನಿ ದೊಡ್ಡದೋ ಚಿಕ್ಕದೋ ಎಂದು ಅಳೆಯುವ ಮೊದಲು, ಆ ದನಿಯಲ್ಲಿ ಮಾತನಾಡುತ್ತಿರುವವನು ಯಾರು, ಅವನಿಗೆ ಏನಾಗಿದೆ ಎಂದು ಕೇಳುವುದೇ ಸಹೃದಯನ ಕರ್ತವ್ಯ. ಪಲ್ಲವಿಯು ಎಲ್ಲರ ಕಿವಿಗೂ ತಾನಾಗಿ ಬಂದು ಬೀಳುವುದು. ಚರಣಗಳ ಬಳಿಗೆ ಕೇಳುವವನೇ ಹೋಗಬೇಕು.