ಇಪ್ಪತ್ತೊಂದು ಹೇಳಿದವರಿಗೆ ಗೆಲುವು

ಪಿರಿಯಡ್ಡೊಂದು ಖಾಲಿ ಸಿಕ್ಕಿತೆಂದರೆ ಮೇಷ್ಟ್ರ ಮೊದಲ ಆಯ್ಕೆ ಕ್ವಿಜ್ ಇಲ್ಲವೇ ಅಂತ್ಯಾಕ್ಷರಿ. ಎರಡರಲ್ಲೂ ಗೊತ್ತಿದ್ದವರು ಕೂಗುತ್ತಾರೆ, ಗೊತ್ತಿಲ್ಲದವರು ಕಿಟಕಿಯಾಚೆ ನೋಡುತ್ತಾರೆ. ಹಿಂದಿನ ಬೆಂಚಿನವರೂ ತಲೆ ಕೆರೆದುಕೊಳ್ಳಬೇಕೆಂದರೆ ಇಪ್ಪತ್ತೊಂದರ ಆಟ ಆಡಿಸಬೇಕು. ಅದಕ್ಕೆ ಪಾಠೋಪಕರಣ ಬೇಡ, ಪೂರ್ವಸಿದ್ಧತೆಯೂ ಬೇಡ.

ತರಗತಿ ಎರಡು ತಂಡವಾಗುತ್ತದೆ. ಒಂದರಿಂದ ಶುರುಮಾಡಿ ತಂಡಗಳು ಸರದಿಯಂತೆ ಎಣಿಸುತ್ತ ಹೋಗುತ್ತವೆ. ಒಂದು ಸರದಿಗೆ ಒಂದು, ಎರಡು ಅಥವಾ ಮೂರು ಸಂಖ್ಯೆ ಹೇಳಬಹುದು. 21 ಹೇಳಿದ ತಂಡ ಗೆದ್ದಂತೆ.

ಮೊದಲೆರಡು ಸುತ್ತು ಬರೀ ಗದ್ದಲ. ಆಮೇಲೆ ಯಾರಿಗೋ ಹೊಳೆಯುತ್ತದೆ: ‘17 ನಮ್ಮ ಬಾಯಲ್ಲಿ ಬಂದರೆ ಮುಗೀತು ಕಣೋ!’ ನಿಜ. ಎದುರಾಳಿ 18ಕ್ಕೆ ನಿಂತರೆ 19, 20, 21 ನಮ್ಮದು. 19ಕ್ಕೆ ನಿಂತರೆ 20, 21. 20ರವರೆಗೂ ಹೋದರೆ ಉಳಿದ ಒಂದು. ಹಾಗಾದರೆ 17 ಹಿಡಿಯುವುದು ಹೇಗೆ? ಅದಕ್ಕೆ 13 ಬೇಕು. 13ಕ್ಕೆ 9, 9ಕ್ಕೆ 5, 5ಕ್ಕೆ 1. ಮೊದಲ ತಂಡ ‘ಒಂದು’ ಎಂದಷ್ಟೇ ಹೇಳಿ ಸುಮ್ಮನಾಗಿ, ಆಮೇಲೆ ಎದುರಾಳಿಯ ಸಂಖ್ಯೆಗಳ ಜೊತೆ ತನ್ನವು ಸೇರಿ ನಾಲ್ಕಾಗುವಂತೆ ನೋಡಿಕೊಂಡರೆ ಸೋಲೇ ಇಲ್ಲ.

ಈ ಗುಟ್ಟನ್ನು ಮೇಷ್ಟ್ರು ಬಾಯಿಬಿಡಬಾರದು. ಜೊತೆಗೆ ಎರಡು ನಿಯಮ ಬೇಕು: ಸಂಖ್ಯೆ ಹೇಳುವ ಮುನ್ನ ತಂಡದವರು ಗುಸುಗುಸು ಮಾತಾಡಿಕೊಳ್ಳಬೇಕು, ಪ್ರತಿ ಸರದಿಗೂ ಬೇರೆ ಮಗು ಎದ್ದು ಹೇಳಬೇಕು. ಆಗ ಜಾಣನೊಬ್ಬನಿಗೆ ಹೊಳೆದರೆ ಸಾಲದು, ಪಕ್ಕದವನಿಗೂ ತಿಳಿಸಿಕೊಡಬೇಕಾಗುತ್ತದೆ. ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಬಿಡಿಸುವ ವಿದ್ಯೆ ಹೀಗೆ ಬೆಂಚಿನಿಂದ ಬೆಂಚಿಗೆ ದಾಟುತ್ತದೆ.

ಈ ಜಾತಿಯ ಆಟಗಳಿಗೆ ದೊಡ್ಡ ಮನೆತನವೇ ಇದೆ. ರಾಶಿಗಳಿಂದ ಕಾಳು ತೆಗೆಯುವ ಇದರ ದಾಯಾದಿ ಆಟಕ್ಕೆ ‘ನಿಮ್’ ಎಂಬ ಹೆಸರಿಟ್ಟು, ಅದರ ಪೂರ್ತಿ ಗಣಿತವನ್ನು 1901ರಲ್ಲಿ ಬಿಡಿಸಿಟ್ಟವರು ಹಾರ್ವರ್ಡ್‌ನ ಚಾರ್ಲ್ಸ್ ಬೌಟನ್. 1940ರಲ್ಲಿ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ‘ನಿಮಾಟ್ರಾನ್’ ಎಂಬ ಯಂತ್ರವಿಟ್ಟು ಜನರ ಜೊತೆ ನಿಮ್ ಆಡಿಸಿತ್ತು.

ಅದೇ 1901ರಲ್ಲಿ ಪುಸ್ತಕವಾಗಿ ಬಂದ ಕಿಪ್ಲಿಂಗ್‌ನ ‘ಕಿಮ್’ ಕಾದಂಬರಿ ತರಗತಿಗೆ ಮತ್ತೊಂದು ಆಟ ಕೊಟ್ಟಿದೆ. ಸಿಮ್ಲಾದ ಲರ್ಗನ್ ಸಾಹೇಬನ ಅಂಗಡಿಯಲ್ಲಿ ತಟ್ಟೆಯ ತುಂಬ ಹರಳು. ನೋಡಿಕೊಂಡು, ಮುಚ್ಚಿದ ಮೇಲೆ ಒಂದೂ ಬಿಡದೆ ಹೇಳಬೇಕು. ಬೇಡನ್ ಪೊವೆಲ್ 1908ರಲ್ಲಿ ಅದನ್ನು ಸ್ಕೌಟ್‌ಗಳ ಕೈಪಿಡಿಗೆ ಸೇರಿಸಿದರು. ಶಾಲೆಯಲ್ಲಿ ಹರಳಿನ ಬದಲು ಸೀಮೆಸುಣ್ಣ, ಗುಂಡಿ, ಬೀಗದ ಕೈ, ಏಲಕ್ಕಿ ಸಾಕು. ಒಬ್ಬೊಬ್ಬರೇ ಆಡಿದರೆ ಇದು ಬರೀ ನೆನಪಿನ ಪರೀಕ್ಷೆ. ತಂಡಕ್ಕೆ ಬಿಟ್ಟರೆ ಮಕ್ಕಳು ತಾವೇ ಪಾಲು ಹಂಚಿಕೊಳ್ಳುತ್ತಾರೆ: ಅಡುಗೆಮನೆಯ ಸಾಮಾನು ನಿನಗೆ, ಲೋಹದ್ದೆಲ್ಲ ನನಗೆ.

ಇಂಥ ಆಟಗಳಿಂದ ಮೆದುಳು ಚುರುಕಾಗುತ್ತದೆಯೇ? ಈ ಮಾತನ್ನು ಹಿಡಿತದಲ್ಲಿ ಆಡುವುದು ಒಳ್ಳೆಯದು. ಮೆದುಳಿನ ಆಟಗಳ ಬಗ್ಗೆ ಆಧಾರ ಸಾಲದ ಭರವಸೆ ಕೊಟ್ಟ ಆರೋಪದ ಮೇಲೆ ಲ್ಯೂಮಾಸಿಟಿ ಆಪ್‌ನ ಕಂಪನಿ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ತೆರಲು ಒಪ್ಪಿತು. ಅದೇ ವರ್ಷ ಮನೋವಿಜ್ಞಾನಿಗಳ ತಂಡವೊಂದು ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದಿಷ್ಟು: ಅಭ್ಯಾಸ ಮಾಡಿದ ಆಟದಲ್ಲಿ ಕೈ ಪಳಗುತ್ತದೆ, ಅದು ದಿನದ ಬದುಕಿನ ಬೇರೆ ಕೆಲಸಗಳಿಗೂ ದಾಟುತ್ತದೆ ಎನ್ನಲು ಪುರಾವೆ ತೀರಾ ಕಡಿಮೆ. ಆದ್ದರಿಂದ ಮಗ್ಗಿ ಬಾರದವನಿಗೆ ತಟ್ಟೆಯಾಟದಿಂದ ಮಗ್ಗಿ ಬರುವುದಿಲ್ಲ. ಯೋಚಿಸಿದ್ದನ್ನು ಬಾಯಿಬಿಟ್ಟು ಹೇಳುವ, ಸ್ನೇಹಿತನ ತರ್ಕದಲ್ಲಿ ತೂತು ಹುಡುಕುವ ಕೆಲಸವಂತೂ ಆ ನಲವತ್ತು ನಿಮಿಷ ನಡೆಯುತ್ತದೆ.

ಗುಟ್ಟು ಬಯಲಾದ ಮೇಲೂ ಇಪ್ಪತ್ತೊಂದರ ಆಟ ಹಳಸುವುದಿಲ್ಲ. 21 ಹೇಳಿದವರು ಸೋತರು ಎಂದು ಬದಲಿಸಿದರೆ ಹಿಡಿಯಬೇಕಾದ ಮೆಟ್ಟಿಲು 20, 16, 12, 8, 4 ಆಗಿ, ಗೆಲುವು ಎರಡನೇ ತಂಡದ ಕೈಗೆ ಹೋಗುತ್ತದೆ. ಅದೂ ಸಲೀಸಾದಾಗ ಹುಣಸೆಬೀಜ ತಂದು 3, 4, 5ರ ಮೂರು ರಾಶಿ ಹಾಕಬಹುದು. ಒಂದು ಸರದಿಗೆ ಒಂದೇ ರಾಶಿಯಿಂದ ಎಷ್ಟಾದರೂ ತೆಗೆಯಬಹುದು, ಕೊನೆಯ ಬೀಜ ತೆಗೆದವರಿಗೆ ಗೆಲುವು. ಮೊದಲ ತಂಡ ಮೂರರ ರಾಶಿಯಿಂದ ಎರಡು ಬೀಜ ತೆಗೆದರೆ ಗೆಲ್ಲುವ ದಾರಿ ತೆರೆಯುತ್ತದೆ. ಯಾಕೆಂದು ಹುಡುಕಲು ಏಳನೇ ತರಗತಿಗೆ ಒಂದು ವಾರ ಕೊಡಬಹುದು.