ಮನೆವಾಳ್ತೆಯ ಗ್ರಂಥಗಳು

ನೆಲಮಂಗಲದ ಸಮೀಪದ ಅರಿಶಿನಕುಂಟೆಯ ಹೆಸರಿನಲ್ಲಿಯೇ ಅರಿಶಿನವುಂಟು. ಕನ್ನಡಿಗರ ಮನೆಗಳಲ್ಲಿ ಈ ಬೇರು ಸಾರಿಗೂ ಬೇಕು, ಗಾಯಕ್ಕೂ ಬೇಕು, ದೇವರ ಪೂಜೆಗೂ ಬೇಕು. ಅಡಿಗೆ, ಔಷಧ, ಭಕ್ತಿ ಎಂಬ ಈ ಮೂರೂ ಒಂದೇ ಬಾಳಿನ ಅಂಗಗಳೆಂಬ ಭಾವನೆ ಕನ್ನಡದ ಪ್ರಾಚೀನ ಗ್ರಂಥಕರ್ತರಲ್ಲಿಯೂ ಇದ್ದಿತು. ಇವನ್ನು ವಿಂಗಡಿಸಿ, ಕಾವ್ಯಕ್ಕೆ ಅಗ್ರಪೀಠವನ್ನಿತ್ತು, ಉಳಿದುದನ್ನು ‘ಶಾಸ್ತ್ರ’ವೆಂದು ಬಾಗಿಲ ಹೊರಗೆ ನಿಲ್ಲಿಸುವ ವಾಡಿಕೆ ಈಚಿನ ವಿಮರ್ಶೆಯದು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯು (ಮೂರು ಸಂಪುಟಗಳು, 1907–1929) ವೈದ್ಯನಿಗೂ ಕವಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿತು; ಆ ಔದಾರ್ಯವು ಅನಂತರದ ವಿಮರ್ಶೆಯಲ್ಲಿ ವಿರಳ.

ಸುಮಾರು 1025ರಲ್ಲಿ, ಚಾಳುಕ್ಯ ಜಯಸಿಂಹನ ಆಳಿಕೆಯಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಹೆಸರಿಗೆ ತಕ್ಕ ಗ್ರಂಥ. ನೀರಿನ ಸೆಲೆಯನ್ನು ಕಂಡುಹಿಡಿಯುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಪಾಕ, ವೈದ್ಯ, ಶಕುನ, ಹೀಗೆ ಸಂಸಾರಿಗೆ ಬೇಕಾದ ಹಲವು ವಿಷಯಗಳು ಅದರಲ್ಲಿ ಪದ್ಯರೂಪವಾಗಿ ಅಡಕವಾಗಿವೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಇಂಗು, ಜೀರಿಗೆ, ಕೊತ್ತಂಬರಿ, ಮೆಣಸುಗಳನ್ನೂ ಕೂಡಿಸುವ ಇಡ್ಡಲಿಗೆಯ ಕ್ರಮ ಅಲ್ಲಿದೆ, ಅಕ್ಕಿಯ ಮಾತಿಲ್ಲ. ಇಂದಿನ ಇಡ್ಲಿಯನ್ನು ಬಲ್ಲ ಗೃಹಿಣಿ ಇದನ್ನೋದಿದರೆ ಒಂದು ತಿಂಡಿಯ ಸಾವಿರ ವರ್ಷಗಳ ಚರಿತ್ರೆಯು ಕಣ್ಣಿಗೆ ಕಟ್ಟುವುದು. ಇಂತಹ ಚರಿತ್ರೆಯನ್ನು ರಾಜರ ಪ್ರಶಸ್ತಿಗಳಲ್ಲಿ ಅರಸಿದರೆ ಸಿಕ್ಕದು.

ಭಕ್ತಿಯಾದರೋ ಈ ಗ್ರಂಥಗಳ ತಲೆಯ ಮೇಲೆ ಇರಿಸಿದ ಮಂಗಳಾಚರಣೆ ಮಾತ್ರವಲ್ಲ. ಸುಮಾರು 1150ರ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದನು, ಅದರ ಚಿಕಿತ್ಸೆಯಲ್ಲಿ ಮದ್ಯ, ಮಾಂಸ, ಮಧುಗಳಿಗೆ ಎಡೆಯಿಲ್ಲ. ಜೈನರ ವ್ರತವು ಇಲ್ಲಿ ಔಷಧದ ಪಾತ್ರೆಯೊಳಕ್ಕೇ ಇಳಿದಿದೆ. ಹದಿನಾಲ್ಕನೆಯ ಶತಮಾನದ ಮಂಗರಾಜನಿಗೆ, ‘ಖಗೇಂದ್ರಮಣಿದರ್ಪಣ’ದ ವಿಷವೈದ್ಯವೂ ಕಡೆಗೆ ಜ್ಞಾನಮೋಕ್ಷಗಳಿಗೆ ಏರುವ ಮೊದಲ ಮೆಟ್ಟಿಲು, ದೇಹ ಉಳಿಯದೆ ಸಾಧನೆ ಎಲ್ಲಿಯದು? ಮೂರನೆಯ ಮಂಗರಸನು (ಸುಮಾರು 1508) ವಾರ್ಧಕಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ ಕೈಯಿಂದಲೇ ‘ಸಮ್ಯಕ್ತ್ವಕೌಮುದಿ’ಯನ್ನೂ ‘ನೇಮಿಜಿನೇಶಸಂಗತಿ’ಯನ್ನೂ ಬರೆದನು. ಧರ್ಮಕಥೆಯನ್ನು ಎತ್ತಿಕೊಂಡು ಪಾಕವನ್ನು ಕೈಬಿಡುವ ವಿಮರ್ಶಕನು ಈ ಕವಿಯನ್ನು ಅರ್ಧವೇ ಓದಿದವನು.

ಇಂಗ್ಲೆಂಡಿನ ಹಳೆಯ ಹೊತ್ತಗೆಗಳ ಸ್ಥಿತಿಯೂ ಇದೇ. ಹದಿನೈದನೆಯ ಶತಮಾನದಲ್ಲಿ ಯಾರ್ಕ್‌ಷೈರಿನ ರಾಬರ್ಟ್ ಥಾರ್ನ್‌ಟನ್ ಎಂಬ ಗೃಹಸ್ಥನು ಬರೆದುಕೊಂಡ, ಈಗ ಲಿಂಕನ್ ಕೆಥೀಡ್ರಲಿನಲ್ಲಿರುವ ಪುಸ್ತಕದಲ್ಲಿ ವೀರಕಥೆ, ಪ್ರಾರ್ಥನೆ, ಮದ್ದುಗಳು ಒಂದೇ ರಟ್ಟಿನೊಳಗಿವೆ. ಅದಕ್ಕೂ ಹಿಂದಿನ, ಹತ್ತನೆಯ ಶತಮಾನದ ‘ಬಾಲ್ಡನ ವೈದ್ಯಪುಸ್ತಕ’ದಲ್ಲಿ ಬೆಳ್ಳುಳ್ಳಿ, ಅದರ ಜಾತಿಯ ಮತ್ತೊಂದು ಗೆಡ್ಡೆ, ದ್ರಾಕ್ಷಾಮದ್ಯ, ಎತ್ತಿನ ಪಿತ್ತ ಇವನ್ನು ಒಂಬತ್ತು ರಾತ್ರಿ ಪಾತ್ರೆಯಲ್ಲಿಟ್ಟು ಕಣ್ಣಿನ ಮದ್ದು ಮಾಡುವ ವಿಧಿಯಿದೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಪಂಡಿತರು 2015ರಲ್ಲಿ ಅದನ್ನು ಬರೆದಂತೆಯೇ ಮಾಡಿ ಪರೀಕ್ಷಿಸಲು, ಸಾಮಾನ್ಯ ಔಷಧಗಳಿಗೆ ಮಣಿಯದ ರೋಗಾಣುಗಳು ಪ್ರಯೋಗಶಾಲೆಯಲ್ಲಿ ಸತ್ತುವು. ಒಂದೊಂದೇ ಪದಾರ್ಥಕ್ಕೆ ಆ ಬಲವಿರಲಿಲ್ಲ. ಭಾಷಾಪಂಡಿತರು ಪಾಠವನ್ನು ಸರಿಯಾಗಿ ಓದದಿದ್ದರೆ ವಿಜ್ಞಾನಿಗಳ ಶ್ರಮವು ವ್ಯರ್ಥವಾಗುತ್ತಿದ್ದಿತು.

ಹಾಗೆಂದು ಹಳೆಯದೆಲ್ಲ ಸಿದ್ಧೌಷಧವೆಂದು ನಂಬುವುದು ಮೌಢ್ಯ. ಪದ್ಯದಲ್ಲಿದ್ದ ಮಾತ್ರಕ್ಕೆ ಮದ್ದು ಫಲಿಸದು. ಛಂದಸ್ಸಿನ ಕಟ್ಟಿಗೆ ಸಿಕ್ಕಿ ಅಳತೆ ತೂಕಗಳು ಮಸುಕಾಗುವುದೂ ಉಂಟು. ಶಾಸ್ತ್ರಪದ್ಯದ ಗುಣವು ಅಲಂಕಾರದಲ್ಲಿಲ್ಲ. ಕೇಳಿದವರ ನೆನಪಿನಲ್ಲಿ ನಿಂತು ಕೈಗೆ ದಾರಿ ತೋರಿಸುವುದರಲ್ಲಿದೆ. ಈ ಒರೆಗಲ್ಲಿನಿಂದಲೇ ಇವನ್ನು ತೂಗಬೇಕು. ಕಾವ್ಯದಲ್ಲಿ ಲಿಪಿಕಾರನು ಒಂದಕ್ಷರ ತಪ್ಪಿದರೆ ಒಂದು ಸೊಗಸು ಕೆಡುತ್ತದೆ. ವಿಷವೈದ್ಯದಲ್ಲಿ ತಪ್ಪಿದರೆ ಒಂದು ಪ್ರಾಣವೇ ಹೋದೀತು. ಆದಕಾರಣ ಪಂಪರನ್ನರ ಪಾಠಶೋಧನೆಗೆ ಸಲ್ಲುವ ಶ್ರದ್ಧೆಯು ಈ ಮನೆವಾಳ್ತೆಯ ಗ್ರಂಥಗಳಿಗೂ ಸಲ್ಲತಕ್ಕದ್ದು. ಅಟ್ಟದ ಮೇಲಿನ ಓಲೆಯ ಕಟ್ಟಿನಲ್ಲಿ ಮದ್ದಿನ ಪದ್ಯಗಳು ಕಂಡರೆ, ಕಾವ್ಯವಲ್ಲವೆಂದು ಯಾರೂ ಅವನ್ನು ಒಲೆಯ ಬಳಿಗೆ ಕಳುಹಿಸದಿರಲಿ.